ಒಬ್ಬಳೇ ವಿದ್ಯಾರ್ಥಿನಿಗಾಗಿ ಜಪಾನಿನಲ್ಲಿ ಒಂದು ರೈಲು ನಿಲ್ದಾಣ ನಡೆಸಿದ್ದು ನಿಜವಾ?

ಅರ್ಧ ನಿಜ. ಹುಡುಗಿ ಇದ್ದದ್ದು ನಿಜ, ಹೈಸ್ಕೂಲಿಗೆ ರೈಲಲ್ಲೇ ಹೋಗುತ್ತಿದ್ದದ್ದೂ ನಿಜ. ಅವಳ ಓದು ಮುಗಿಯುವ ತನಕ ಅವಳಿಗೋಸ್ಕರವೇ ನಿಲ್ದಾಣ ಉಳಿಸಿಕೊಂಡರು ಅನ್ನುವುದು ಆಮೇಲೆ ಸೇರಿಕೊಂಡ ಮಾತು.

ವೈರಲ್ ಆದ ಪೋಸ್ಟಿನಲ್ಲಿ ನಿಲ್ದಾಣದ ಹೆಸರು ಕಾಮಿ-ಶಿರಾತಾಕಿ ಅಂತ ಇತ್ತು. 2016ರ ಜನವರಿಯಲ್ಲಿ ಈ ಕಥೆ ಫೇಸ್‌ಬುಕ್‌ನಲ್ಲಿ ಹಬ್ಬಿದಾಗಲೇ ಹೆಸರು ತಪ್ಪಾಗಿತ್ತು. ಅವಳು ಹತ್ತುತ್ತಿದ್ದದ್ದು ಕ್ಯೂ-ಶಿರಾತಾಕಿಯಲ್ಲಿ. ಎರಡೂ ಹೊಕ್ಕೈಡೋ ದ್ವೀಪದ ಸೆಕಿಹೊಕು ಮಾರ್ಗದಲ್ಲಿದ್ದವು, ಅಲ್ಲೇ ಶಿಮೊ-ಶಿರಾತಾಕಿ ಅಂತ ಇನ್ನೊಂದೂ ಇತ್ತು. ಕಾಮಿ ಅಂದರೆ ಮೇಲಿನ, ಶಿಮೊ ಅಂದರೆ ಕೆಳಗಿನ, ಕ್ಯೂ ಅಂದರೆ ಹಳೆಯ. ದಿನಕ್ಕೆ ಬೆಳಿಗ್ಗೆ 7ರ ಸುಮಾರಿಗೆ ಒಂದು, ಸಂಜೆ 5ರ ಸುಮಾರಿಗೆ ಒಂದು, ಹೀಗೆ ಎರಡೇ ರೈಲು ನಿಲ್ಲುತ್ತಿದ್ದದ್ದು ಕಾಮಿ-ಶಿರಾತಾಕಿಯಲ್ಲಿ, ಆ ಟೈಮ್‌ಟೇಬಲ್ ನೋಡಿದವರು ಶಾಲೆಗೆ ಹೋಗಲು ಒಂದು, ವಾಪಸ್ ಬರಲು ಒಂದು ಅಂತ ಜೋಡಿಸಿಬಿಟ್ಟರು. ಕ್ಯೂ-ಶಿರಾತಾಕಿಯಲ್ಲಿ ಅದಕ್ಕಿಂತ ಜಾಸ್ತಿ ರೈಲು ನಿಲ್ಲುತ್ತಿದ್ದವು.

ಕ್ಯೂ-ಶಿರಾತಾಕಿ ಮೊದಲು ನಿಲ್ದಾಣವೇ ಆಗಿರಲಿಲ್ಲ. 1947ರಲ್ಲಿ ಸುತ್ತಲಿನ ಜನ ಹತ್ತಿ ಇಳಿಯಲಿ ಅಂತ ಮಾಡಿದ ತಾತ್ಕಾಲಿಕ ನಿಲುಗಡೆ ಅದು. 40 ವರ್ಷ ಹಾಗೇ ನಡೆಯಿತು. 1987ರ ಏಪ್ರಿಲ್ 1ರಂದು ಸರ್ಕಾರಿ ರೈಲ್ವೆಯನ್ನು ಒಡೆದು ಜೆಆರ್ (ಜಪಾನ್ ರೈಲ್ವೇಸ್) ಕಂಪನಿಗಳನ್ನು ಮಾಡಿದಾಗ ಅದಕ್ಕೆ ಪೂರ್ತಿ ನಿಲ್ದಾಣದ ಸ್ಥಾನ ಸಿಕ್ಕಿತು. ಒಂದೇ ಪ್ಲಾಟ್‌ಫಾರ್ಮ್, ಪಕ್ಕದಲ್ಲಿ ಕಾಯುವವರಿಗೆ ಮರದ ಪುಟ್ಟ ಗೂಡು, ಅಷ್ಟೇ.

2016ರ ಮಾರ್ಚ್ 26ರಂದು ಕಾಮಿ, ಕ್ಯೂ, ಶಿಮೊ ಮೂರನ್ನೂ ಒಟ್ಟಿಗೆ ಮುಚ್ಚಿದರು. ಜಪಾನಿನಲ್ಲಿ ರೈಲಿನ ಹೊಸ ಟೈಮ್‌ಟೇಬಲ್ ಬರುವುದು ಸಾಮಾನ್ಯವಾಗಿ ಮಾರ್ಚಿನಲ್ಲಿ, ಶಾಲಾ ವರ್ಷ ಮುಗಿಯುವುದೂ ಮಾರ್ಚಿನಲ್ಲೇ. ಆ ಹುಡುಗಿ ಓದು ಮುಗಿಸಿದ್ದಕ್ಕೂ ನಿಲ್ದಾಣ ಮುಚ್ಚಿದ್ದಕ್ಕೂ ತಾರೀಖು ಹೊಂದಿಕೊಂಡದ್ದು ಹೀಗೆ. ನನ್ನನ್ನು ಕಾಡುವುದು ಬೇರೆ ವಿಷಯ. ಒಂದೇ ಹಳ್ಳಿಗಾಡಿನಲ್ಲಿ ಮೂರು ನಿಲ್ದಾಣ ಒಂದೇ ದಿನ ಮುಚ್ಚುವಷ್ಟು ಅಲ್ಲಿ ಜನ ಕಡಿಮೆಯಾಗಿದ್ದರು. ವೈರಲ್ ಕಥೆಯಲ್ಲಿ ಅದು ಬರಲೇ ಇಲ್ಲ.

ನಾನು ಕೆಲಸಕ್ಕೆ ಅಂತ ಜಪಾನಿನಲ್ಲಿದ್ದಾಗ ಒಂದು ಚಳಿಗಾಲ ಈ ಹಾದಿಯಲ್ಲಿ ಹೋಗಿದ್ದೆ. ಕಾಮಿಕಾವಾ ಬಿಟ್ಟ ಮೇಲೆ ಮುಂದಿನ ನಿಲ್ದಾಣ ಶಿರಾತಾಕಿಯೇ (ಇದು ಆ ಮೂರರಲ್ಲಿ ಒಂದಲ್ಲ, ಮುಚ್ಚದೆ ಉಳಿದದ್ದು), ನಡುವೆ 37.3 ಕಿ.ಮೀ. ಒಂದೂ ನಿಲ್ದಾಣವಿಲ್ಲ. ಬುಲೆಟ್ ರೈಲಿನ ಮಾರ್ಗ ಬಿಟ್ಟರೆ ಜೆಆರ್‌ನಲ್ಲಿ ಎರಡು ನಿಲ್ದಾಣಗಳ ನಡುವೆ ಇಷ್ಟು ದೂರ ಬೇರೆಲ್ಲೂ ಇಲ್ಲ. ಉದ್ದದ ಸುರಂಗ, ಆಚೆಗೆ ಬರೀ ಹಿಮ, ತೊಗಟೆ ಬೆಳ್ಳಗಿರುವ ಮರಗಳು. ಶಿರಾತಾಕಿ ದಾಟಿದ ಮೇಲೆ ಕಿಟಕಿ ಗಾಜಿನ ಮಂಜನ್ನು ತೋಳಿನಿಂದ ಒರೆಸುತ್ತಾ, ಕ್ಯೂ-ಶಿರಾತಾಕಿ ಇದ್ದ ಜಾಗ ಕಾಣುತ್ತಾ ಅಂತ ನೋಡುತ್ತಲೇ ಇದ್ದೆ. ಎಲ್ಲಿ ದಾಟಿದೆವೋ ಗೊತ್ತೇ ಆಗಲಿಲ್ಲ. ಶಿಮೊ-ಶಿರಾತಾಕಿಯಲ್ಲಿ ಮಾತ್ರ ಹಳಿ ಎರಡಾಯಿತು, ಅದನ್ನು ಎದುರುಬದುರು ಬರುವ ರೈಲುಗಳ ಕ್ರಾಸಿಂಗ್‌ಗೆ ಅಂತ ಉಳಿಸಿಕೊಂಡಿದ್ದಾರೆ.

ನೋಡಲೇಬೇಕು ಅನ್ನಿಸಿದರೆ ಶಿರಾತಾಕಿಯಲ್ಲೇ ಇಳಿಯಿರಿ. ಲೋಕಲ್ ರೈಲು ತೀರಾ ಕಡಿಮೆ, ವಾಪಸ್ ಬರುವ ರೈಲಿನ ಸಮಯ ಮೊದಲೇ ಬರೆದಿಟ್ಟುಕೊಳ್ಳಿ.