ಹಳೇ ರೋಡ್ ಸೈಕಲ್ ತಗೊಂಡು ರೆಡಿ ಮಾಡಿಸಬಹುದಾ?

ಕುವೆಂಪುನಗರದಲ್ಲಿ ಒಬ್ಬರು ಬಾಗಿದ ಹ್ಯಾಂಡಲ್‌ನ ಹಳೇ ಸ್ಟೀಲ್ ರೋಡ್ ಸೈಕಲ್‌ಗೆ 5000 ಹೇಳ್ತಿದ್ದಾರೆ, ಚೈನು ತುಕ್ಕು ಹಿಡಿದಿದೆ, ಟೈರು ಬಿರುಕು ಬಿಟ್ಟಿದೆ, ತಗೊಂಡು ಚಾಮುಂಡಿ ಬೆಟ್ಟ ಹತ್ತಬಹುದಾ ಅಂತ ಕೇಳಿದ್ದೀರಿ.

ಚೈನು, ಟೈರು ನೋಡಿ ಹೆದರಬೇಡಿ. ಅವು ಹೇಗಿದ್ದರೂ ಬದಲಾಯಿಸೋ ಸಾಮಾನು. ಫ್ರೇಮು, ಫೋರ್ಕು (ಮುಂದಿನ ಚಕ್ರ ಹಿಡಿದಿರೋ ಕವೆ), ಚಕ್ರ ಈ ಮೂರು ಸರಿ ಇದ್ದರೆ ಉಳಿದದ್ದನ್ನು ನಿಧಾನವಾಗಿ ಮಾಡಿಸಿಕೊಳ್ಳಬಹುದು.

ಹಗಲು ಬೆಳಕಲ್ಲೇ ಹೋಗಿ ನೋಡಿ. ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪಿಗೆ ಎರಡು ಉದ್ದ ಪೈಪು ಬಂದು ಸೇರುತ್ತವಲ್ಲ, ಅಲ್ಲಿ ಕೆಳಗಿನ ಪೈಪಿನ ಅಡಿಭಾಗದಲ್ಲಿ ಬೆರಳು ಆಡಿಸಿ. ಎದುರಿಗೆ ಗುದ್ದಿದ ಸೈಕಲ್ಲಾದರೆ ಅಲ್ಲಿ ಸಣ್ಣಗೆ ಉಬ್ಬಿರುತ್ತದೆ, ಬಣ್ಣ ಅಡ್ಡಡ್ಡ ಸೀಳಿರುತ್ತದೆ. ಕಣ್ಣಿಗೆ ಕಾಣದೇ ಇದ್ದರೂ ಬೆರಳಿಗೆ ಸಿಗುತ್ತದೆ. ಸಿಕ್ಕರೆ ಪುಕ್ಕಟೆ ಕೊಟ್ಟರೂ ಬೇಡ. ಹೊಸದಾಗಿ ಬಣ್ಣ ಹೊಡೆದ ಹಳೇ ಫ್ರೇಮ್ ಕಂಡರೆ ನನಗೆ ಅನುಮಾನ ಜಾಸ್ತಿ. ಬಿರುಕು ಮುಚ್ಚೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ಜೇಬಲ್ಲಿ ಒಂದು ದಾರ ಇಟ್ಟುಕೊಂಡು ಹೋಗಿ. ಹಿಂದಿನ ಆಕ್ಸಲ್ ಕೂರುವ ಜಾಗದಿಂದ ಮುಂದಿನ ಗಿಡ್ಡ ಪೈಪಿನ ಸುತ್ತ ಹಾಯಿಸಿ, ಇನ್ನೊಂದು ಪಕ್ಕಕ್ಕೆ ಬಿಗಿಯಾಗಿ ಎಳೆದು ಕಟ್ಟಿ. ಸೀಟಿನ ಪೈಪಿಗೂ ದಾರಕ್ಕೂ ಎರಡೂ ಕಡೆ ಒಂದೇ ಅಂತರ ಇರಬೇಕು. ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಆದರೆ ಯೋಚನೆ ಬೇಡ.

ಸೀಟಿನ ಬೋಲ್ಟ್ ಸಡಿಲ ಮಾಡಿ ಸೀಟು ತಿರುಗುತ್ತಾ ನೋಡಿ. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಸೀಟ್ ಪೋಸ್ಟ್ (ಸೀಟು ಕೂರುವ ಕಂಬಿ) ವರ್ಷಗಟ್ಟಲೆ ಅಲ್ಲಾಡದೆ ಕೂತರೆ ಕಚ್ಚಿಕೊಂಡುಬಿಡುತ್ತದೆ. ಬಿಡಿಸೋದು ದೊಡ್ಡ ತಲೆನೋವು.

ಇನ್ನು ಚಕ್ರ. ಇಲ್ಲೇ ತುಂಬಾ ಜನ ಸಿಕ್ಕಿಹಾಕಿಕೊಳ್ಳೋದು. ಟೈರಿನ ಪಕ್ಕದಲ್ಲಿ ಬರೆದಿರೋದನ್ನು ಓದಿ. 27 x 1¼ ಅಂತಿದ್ದರೆ ಟೈರು ಕೂರುವ ರಿಮ್ಮಿನ ವ್ಯಾಸ 630 ಮಿ.ಮೀ. 700ಸಿ ಅಂತಿದ್ದರೆ 622. ನಮ್ಮ ಊರಿನ ಹಾಲಿನವರ ಸೈಕಲ್ಲಿನ 28 x 1½ ಬೇರೆಯೇ, 635. ಮೂರೂ ನೋಡೋಕೆ ಒಂದೇ, ಆದರೆ ಒಂದರ ಟೈರು ಇನ್ನೊಂದಕ್ಕೆ ಕೂರಲ್ಲ. 700ಸಿ ಆದರೆ ನೀವು ಅದೃಷ್ಟವಂತರು. 27 ಆದರೆ ದುಡ್ಡು ಕೊಡುವ ಮೊದಲೇ ಟೈರು ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ. ಮುಂದೆ 700ಸಿ ಚಕ್ರ ಹಾಕಿಸೋ ಯೋಚನೆ ಇದ್ದರೆ ಬ್ರೇಕ್ ರಬ್ಬರ್ 4 ಮಿ.ಮೀ. ಕೆಳಗೆ ಇಳಿಯಬೇಕು, ಅಷ್ಟು ಜಾಗ ಇದೆಯಾ ನೋಡಿಕೊಳ್ಳಿ.

ರಿಮ್ಮಿಗೆ ಫ್ರಿಜ್ ಮೇಲಿನ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಸ್ಟೀಲ್ ರಿಮ್. ಒಣಗಿದ ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಒದ್ದೆಯಾದರೆ ಬ್ರೇಕ್ ಹಿಡಿಯೋದೇ ಇಲ್ಲ. ಮಳೆಗಾಲದಲ್ಲಿ ಅದರಲ್ಲಿ ಬೆಟ್ಟ ಇಳಿಯೋದು ಬೇಡವೇ ಬೇಡ.

ಖರ್ಚಿನ ವಿಷಯಕ್ಕೆ ಬಂದರೆ ಮೊದಲು ಟೈರು ಟ್ಯೂಬು, ಬ್ರೇಕ್ ರಬ್ಬರು, ಎಲ್ಲ ಕೇಬಲ್ಲು. ಆಮೇಲೆ ಚೈನು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಅದರಾಚೆಯ 24ನೇ ಪಿನ್ನಿಗೆ ಸರಿಯಾಗಿ 12 ಇಂಚು ಬರುತ್ತದೆ. ಹಳೇದು ಒಂದಿಂಚಿನ ಎಂಟನೇ ಒಂದು ಭಾಗ ಜಾಸ್ತಿ ಬಂದರೆ ಫ್ರೀವೀಲಿನ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪಿನ) ಹಲ್ಲೂ ಸವೆದಿರುತ್ತದೆ, ಅದನ್ನೂ ಸೇರಿಸಿ ಲೆಕ್ಕ ಹಾಕಿ.

ಓವರಾಲಿಂಗ್ ಮಾಡಿಸೋಕೆ ಮಿರಮಿರ ಮಿಂಚೋ ಶೋರೂಮಿಗೆ ಹೋಗಬೇಡಿ. ಹಳೇ ಸೈಕಲ್ ಶಾಪ್ ಯಜಮಾನರ ಹತ್ತಿರ ಹೋಗಿ. ಚಕ್ರದ ನಡುವಿನ ಹಬ್ಬು ಬಿಚ್ಚಿ, ಬೇರಿಂಗ್ ಗುಂಡು ಹಾಕಿ, ಗ್ರೀಸ್ ತುಂಬಿ, ಗುಂಡು ಹಿಡಿದಿಡೋ ಕೋನ್ ಟೈಟ್ ಮಾಡೋದು ಅವರ ದಿನದ ಕೆಲಸ. ಗುಂಡು ಮಾತ್ರ ಹೊಸದೇ ಹಾಕಿ ಅಂತ ಹೇಳಿ, ಎದುರಿಗೆ ನಿಂತುಕೊಳ್ಳಿ. ಗೇರ್ ಸೆಟ್ಟಿಂಗ್ ಬೇಕಾದರೆ ಬೇರೆ ಕಡೆ ಮಾಡಿಸಿ.

ಬೆಟ್ಟ ಅಂದರೆ ಊರಿಂದ ಸುಮಾರು 300 ಮೀಟರ್ ಏರು. ಇಂಥ ಹಳೇ ಕಾಲದ ಸೈಕಲ್ಲುಗಳಲ್ಲಿ ಮುಂದೆ ಚಿಕ್ಕ ಹಲ್ಲುಚಕ್ರವೇ 42 ಹಲ್ಲು, ಹಿಂದೆ ದೊಡ್ಡದು 24 ಇರೋದು ಸಾಮಾನ್ಯ. ಅಭ್ಯಾಸ ಇಲ್ಲದ ಮಂಡಿ ಬೈಯುತ್ತದೆ. ತಿರುಗಿಸಿ ಕೂರಿಸೋ 14-28ರ (ಚಿಕ್ಕದು 14, ದೊಡ್ಡದು 28 ಹಲ್ಲಿನ) ಫ್ರೀವೀಲ್ ದುಬಾರಿ ಏನಲ್ಲ, ಹಿಂದಿನ ಡಿರೇಲರ್ (ಚೈನನ್ನು ಗೇರಿಂದ ಗೇರಿಗೆ ಸರಿಸೋ ಭಾಗ) 28ರ ತನಕ ಎಟಕುತ್ತದಾ ಅಂತ ಮಾತ್ರ ನೋಡಿಸಿ.

ಫ್ರೇಮ್ ಚೆನ್ನಾಗಿದ್ದು, ಸೀಟು ತಿರುಗಿ, ರಿಮ್ಮಿಗೆ ಅಯಸ್ಕಾಂತ ಅಂಟದೇ ಹೋದರೆ 5000 ಕೊಡಬಹುದು. ಆದರೂ ತುಕ್ಕು ತೋರಿಸಿ 4000ಕ್ಕೆ ಕೇಳಿ, ಅವರೂ ಚೌಕಾಸಿಗೆ ಅಂತಲೇ 5000 ಹೇಳಿರುತ್ತಾರೆ.