ಭೀಷ್ಮ ಬೇಡ, ವಿದುರ ಸಾಕು

ಪ್ರಿಯ ತಂಗಿ,

ಕೆ. ಸುಬ್ರಹ್ಮಣ್ಯಂ ಅವರನ್ನು ನೆನೆದು ನೀವು ಅರಕಲಗೂಡಿನಿಂದ ಕಳಿಸಿದ ಹನ್ನೊಂದು ಪುಟದ ಲೇಖನ ತಲುಪಿದೆ. ಎರಡು ಸಲ ಓದಿದೆ. ಒಮ್ಮೆ ಕಚೇರಿಯ ಗಲಾಟೆಯಲ್ಲಿ, ಇನ್ನೊಮ್ಮೆ ರಾತ್ರಿ ಮನೆಯಲ್ಲಿ ಪೆನ್ಸಿಲ್ ಹಿಡಿದು. ಈಗಿರುವ ಹಾಗೆ ನಮ್ಮ ಪತ್ರಿಕೆಗೆ ಆಗುವುದಿಲ್ಲ. ಅಷ್ಟು ಹೇಳಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ರಾಜಕಾರಣಿಗಳ ಮೇಲೆ, ಸ್ವಾಮೀಜಿಗಳ ಮೇಲೆ, ಸಿನಿಮಾದವರ ಮೇಲೆ ನಮಗೆ ನುಡಿನಮನಗಳು ಬರುತ್ತಲೇ ಇರುತ್ತವೆ. ದೆಹಲಿಯ ಕಡತಗಳ ನಡುವೆ ಆಯಸ್ಸು ಕಳೆದ ರಕ್ಷಣಾ ಚಿಂತಕರೊಬ್ಬರ ಮೇಲೆ ಈ ಜಿಲ್ಲೆಯಿಂದ ಬಂದದ್ದು, ನಾನು ಈ ಕುರ್ಚಿಯಲ್ಲಿ ಕೂತ ಮೇಲೆ, ಇದೇ ಮೊದಲು. ಅದಕ್ಕೇ ಈ ಉದ್ದದ ಪತ್ರ.

ಶೀರ್ಷಿಕೆಯಿಂದಲೇ ತಕರಾರು ಶುರು. ‘ದೇಶರಕ್ಷಣೆಯ ಭೀಷ್ಮ ಪಿತಾಮಹ’ ಅಂದಿದ್ದೀರಿ. ಇಂಗ್ಲಿಷ್ ಪತ್ರಿಕೆಗಳೂ ಅವರನ್ನು ಹಾಗೆ ಕರೆದಿವೆ, ಗೊತ್ತು. ಆದರೆ ಗಮಕ ಕೇಳಿ ಬೆಳೆದ ನನ್ನಂಥವನಿಗೆ ಭೀಷ್ಮ ಅಂದ ಕೂಡಲೇ ಕಣ್ಣಿಗೆ ಬರುವುದು ತುಂಬಿದ ಸಭೆ. ದ್ರೌಪದಿ ಪ್ರಶ್ನೆ ಕೇಳುತ್ತಾಳೆ. ಧರ್ಮ ಸೂಕ್ಷ್ಮ ಅಂತ ಹೇಳಿ ಅಜ್ಜ ತಲೆ ತಗ್ಗಿಸುತ್ತಾನೆ. ನೀವು ಬರೆದಿರುವ ವ್ಯಕ್ತಿ ಕೇಳಿದರೂ ಹೇಳಿದವರು, ಕೇಳದಿದ್ದರೂ ಹೇಳಿದವರು. ಹೋಲಿಸಲೇಬೇಕಿದ್ದರೆ ವಿದುರ ಇದ್ದಾನೆ. ಹೋಲಿಸದಿದ್ದರೆ ಇನ್ನೂ ವಾಸಿ. ಒಂದನೇ ಪುಟದ ಚಾಣಕ್ಯನಿಗೂ ಇದೇ ಮಾತು.

‘ಅಪ್ರತಿಮ’ ಪದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಾ ಹೋದೆ. ಎರಡು ಪುಟಕ್ಕೆ ಏಳಾಯಿತು, ಆಮೇಲೆ ಎಣಿಸಲಿಲ್ಲ.

ಇನ್ನು ತಪ್ಪುಗಳು. ಅವರು ‘ದೇಶದ ಮೊದಲ ರಾಷ್ಟ್ರೀಯ ಭದ್ರತಾ ಸಲಹೆಗಾರರು’ ಎಂದಿದ್ದೀರಿ. ಆ ಹುದ್ದೆಗೆ 1998ರಲ್ಲಿ ಮೊದಲು ಬಂದವರು ಬ್ರಜೇಶ್ ಮಿಶ್ರಾ. ಸುಬ್ರಹ್ಮಣ್ಯಂ ಆ ಕುರ್ಚಿಯಲ್ಲಿ ಎಂದೂ ಕೂರಲಿಲ್ಲ; ಮೊದಲ ರಾಷ್ಟ್ರೀಯ ಭದ್ರತಾ ಸಲಹಾ ಮಂಡಳಿಯ ಸಂಚಾಲಕರಾಗಿದ್ದರು. ಹೆಸರು ಒಂದೇ ಥರ ಕೇಳುತ್ತದೆ, ಕೆಲಸ ಬೇರೆ. ಸಲಹೆಗಾರ ಪ್ರಧಾನಿಯ ಪಕ್ಕದ ಕೋಣೆಯಲ್ಲಿ ಇರುವವನು. ಮಂಡಳಿಯವರು ಸರ್ಕಾರದ ಹೊರಗಿದ್ದು ಯೋಚಿಸಿ ಕಾಗದ ಕೊಡುವವರು. ಈ ಒಂದು ತಪ್ಪು ಸರಿಮಾಡಿಕೊಂಡರೆ ನಿಮ್ಮ ಲೇಖನಕ್ಕೆ ಬೆನ್ನೆಲುಬು ತಾನಾಗಿ ಬರುತ್ತದೆ, ನೋಡಿ. ಅಧಿಕಾರ ಕೈಯಲ್ಲಿಲ್ಲದೆ ಬರೀ ಮಾತಿನಿಂದ ಒಂದು ದೇಶದ ಯೋಚನೆಯನ್ನು ಅಲುಗಾಡಿಸಿದ್ದು ಹೇಗೆ? ನಾನು ಓದಬೇಕೆಂದಿದ್ದು ಅದನ್ನು.

ಎರಡನೇ ತಪ್ಪು ನಮ್ಮೂರಿನದು, ಅದಕ್ಕೇ ಹೆಚ್ಚು ಚುಚ್ಚಿತು. ಕಾರ್ಗಿಲ್ ಯುದ್ಧದ ಲೋಪಗಳ ಬಗ್ಗೆ ಸುಬ್ರಹ್ಮಣ್ಯಂ ಸಮಿತಿ ಕೊಟ್ಟ ವರದಿಯ ನಂತರ ‘ಹಾಸನದ ಉಪಗ್ರಹ ಕೇಂದ್ರ ಗಡಿಯ ಮೇಲೆ ಕಣ್ಣಿಟ್ಟಿದೆ’ ಅಂತ ಬರೆದಿದ್ದೀರಿ. ಉಪಗ್ರಹ ಚಿತ್ರಗಳು ಸಾಲದಾಗಿದ್ದವು ಎಂದು ಆ ವರದಿ ಹೇಳಿದ್ದು ನಿಜ. ಆದರೆ ಸಾಲಗಾಮೆ ರಸ್ತೆಯಲ್ಲಿ ಕಾಣುವ ಆ ದೊಡ್ಡ ಬಿಳಿ ತಟ್ಟೆಗಳು 1982ರಿಂದ ನೋಡಿಕೊಳ್ಳುತ್ತಿರುವುದು ಇನ್ಸಾಟ್, ಜಿಸ್ಯಾಟ್‌ಗಳಂಥ ಭೂಸ್ಥಿರ ಉಪಗ್ರಹಗಳನ್ನು: ಟೀವಿ, ದೂರಸಂಪರ್ಕ, ಹವಾಮಾನ. ನೆಲದ ಚಿತ್ರ ತೆಗೆಯುವ ಉಪಗ್ರಹಗಳ ಲಗಾಮು ಬೆಂಗಳೂರಿನಲ್ಲಿದೆ. ಊರಿನ ಅಭಿಮಾನ ನನಗೂ ಉಂಟು. ಆ ಕೇಂದ್ರದಲ್ಲಿ ಕೆಲಸ ಮಾಡುವವರೂ ನಮ್ಮ ಓದುಗರು ಅನ್ನುವ ಭಯವೂ ಉಂಟು.

ಹುಟ್ಟು, ಓದು, ನೌಕರಿಗೆ ನಾಲ್ಕು ಪುಟ ಖರ್ಚಾಗಿದೆ. 1929ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟು, ಮದರಾಸಿನಲ್ಲಿ ರಸಾಯನಶಾಸ್ತ್ರ, 1951ರಲ್ಲಿ ಐಎಎಸ್, 1968ರಲ್ಲಿ ದೆಹಲಿಯ ರಕ್ಷಣಾ ಅಧ್ಯಯನ ಸಂಸ್ಥೆಯ ನಿರ್ದೇಶಕ. ಮುಗಿಯಿತು, ಒಂದು ವಾಕ್ಯ. ಉಳಿದ ಜಾಗವನ್ನು 1971ಕ್ಕೆ ಕೊಡಿ. ಆ ಮಾರ್ಚ್ ಕೊನೆಯಲ್ಲಿ, ಢಾಕಾದಲ್ಲಿ ಸೈನ್ಯದ ದಬ್ಬಾಳಿಕೆ ಶುರುವಾಗಿ ವಾರವೂ ತುಂಬಿರದಾಗ, ಪಾಕಿಸ್ತಾನ ಒಡೆಯುವುದು ಭಾರತಕ್ಕೆ ಮತ್ತೆ ಸಿಗದ ಅವಕಾಶ ಎಂಬರ್ಥದ ಮಾತನ್ನು ಅವರು ಬಹಿರಂಗವಾಗಿ ಆಡಿದರು. ಯುದ್ಧವಾದದ್ದು ಡಿಸೆಂಬರಿನಲ್ಲಿ. ಆ ಮಾತು ಕಟುವಾಗಿಲ್ಲವೇ? ಲಕ್ಷಗಟ್ಟಲೆ ಜನ ಗಡಿ ದಾಟಿ ಬರುವಂತಾದ ದುರಂತವನ್ನು ಅವಕಾಶ ಅನ್ನಬಹುದೇ? ನೀವು ಈ ಪ್ರಶ್ನೆಯನ್ನು ಮುಟ್ಟಿಯೇ ಇಲ್ಲ, ‘ದೂರದೃಷ್ಟಿ’ ಅಂತ ಹಾರ ಹಾಕಿ ಮುಂದೆ ಹೋಗಿದ್ದೀರಿ. ಸತ್ತವರನ್ನು ನೆನೆಯುವಾಗ ಇಂಥ ಕಡೆ ಒಂದು ಗಳಿಗೆ ನಿಂತರೆ ಅವರಿಗೇನೂ ಅವಮಾನವಲ್ಲ.

ಸಲಹೆಗಾರನ ಬಗ್ಗೆ ಬರೆಯುವ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮಪ್ಪ ಆಲೂಗಡ್ಡೆ ಹಾಕುತ್ತಿದ್ದರು. ಮೋಡ ಮುಚ್ಚಿಕೊಂಡಿದೆ, ಅಂಗಮಾರಿ ಬರುತ್ತದೆ, ಈಗಲೇ ಔಷಧಿ ಹೊಡೆಯಿರಿ ಅಂತ ಹೇಳಲು ಒಬ್ಬರು ಸೈಕಲ್ಲಿನಲ್ಲಿ ಬರುತ್ತಿದ್ದರು. ಹೊಡೆದು ಬೆಳೆ ಉಳಿದ ವರ್ಷ ‘ಈ ಸಲ ರೋಗವೇ ಬರಲಿಲ್ಲ, ದುಡ್ಡು ದಂಡ’ ಅನ್ನುತ್ತಿದ್ದರು ಅಪ್ಪ. ಹೊಡೆಯದೆ ಹೊಲ ಕಪ್ಪಾದ ವರ್ಷ ಮಾತ್ರ ಆ ಮನುಷ್ಯನ ಹೆಸರು ಮನೆಯಲ್ಲಿ ಕೇಳುತ್ತಿತ್ತು.

ನಿಮ್ಮ ಲೇಖನದ ಅತ್ಯುತ್ತಮ ಭಾಗ ನಿಮಗೇ ಗೊತ್ತಿಲ್ಲದೆ ಎರಡು ಕಡೆ ಹಂಚಿಹೋಗಿದೆ. ಆರನೇ ಪುಟದಲ್ಲಿ ಅವರ ಅಧ್ಯಕ್ಷತೆಯಲ್ಲಿ ಕಾರ್ಗಿಲ್ ಪರಿಶೀಲನಾ ಸಮಿತಿ ರಚನೆಯಾದದ್ದು, 1999ರ ಜುಲೈ 29. ಒಂಬತ್ತನೇ ಪುಟದಲ್ಲಿ ಅವರ ಸಲಹಾ ಮಂಡಳಿ ಬರೆದ ಅಣ್ವಸ್ತ್ರ ನೀತಿಯ ಕರಡು ಹೊರಬಿದ್ದದ್ದು, ಅದೇ ವರ್ಷದ ಆಗಸ್ಟ್ 17. ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಮಳೆಗಾಲ, ಎಪ್ಪತ್ತು ವರ್ಷದ ಒಬ್ಬ ನಿವೃತ್ತ ಅಧಿಕಾರಿ. ಒಂದು ಕೈಯಲ್ಲಿ ಇನ್ನೂ ಬಾರದ ಯುದ್ಧಕ್ಕೆ ನೀತಿ, ಇನ್ನೊಂದರಲ್ಲಿ ಈಗಷ್ಟೇ ಮುಗಿದ ಯುದ್ಧದ ಲೋಪಗಳ ಲೆಕ್ಕ. ಕರಡು ನೀತಿಯನ್ನು ನೀವು ‘ವಿಶ್ವಾಸಾರ್ಹ ಕನಿಷ್ಠ ಪ್ರತಿರೋಧಕತ್ವ’ ಅಂತ ಅನುವಾದಿಸಿ ಕೈಬಿಟ್ಟಿದ್ದೀರಿ. ನಾವಾಗಿ ಮೊದಲು ಬಾಂಬ್ ಹಾಕುವುದಿಲ್ಲ, ಹಾಕಿದವರನ್ನು ಬಿಡುವುದೂ ಇಲ್ಲ, ಅದಕ್ಕೆ ಎಷ್ಟು ಬೇಕೋ ಅಷ್ಟನ್ನು ಇಟ್ಟುಕೊಳ್ಳುತ್ತೇವೆ. ಹೀಗೆ ಬರೆದರೆ ಸಂತೆಯಲ್ಲಿ ಓದಿದರೂ ತಿಳಿಯುತ್ತದೆ. ಸುಬ್ರಹ್ಮಣ್ಯಂ ಅವರೇ ದಿನಪತ್ರಿಕೆಗೆ ಬರೆಯುತ್ತಿದ್ದವರು. ಅವರ ಮೇಲಿನ ಲೇಖನ ಸುತ್ತೋಲೆಯ ಹಾಗೆ ಓದಿಸಿಕೊಳ್ಳಬಾರದು.

ಕಾರ್ಗಿಲ್ ವರದಿ 2000ದ ಫೆಬ್ರವರಿಯಲ್ಲಿ ಸಂಸತ್ತಿಗೆ ಬಂತು. ಕೆಲವು ಭಾಗ ಮುಚ್ಚಿಟ್ಟರೂ, ನುಸುಳುಕೋರರು ಬಂದದ್ದು ಸರ್ಕಾರಕ್ಕೂ ಸೇನೆಗೂ ಬೇಹುಗಾರರಿಗೂ ಗೊತ್ತೇ ಆಗಲಿಲ್ಲ ಎಂಬುದನ್ನು ಜನರೆದುರು ಒಪ್ಪಿಕೊಂಡ ವರದಿ ಅದು. ಅದರ ಬೆನ್ನಿಗೆ ಕೂತ ಮಂತ್ರಿಗಳ ಗುಂಪು 2001ರಲ್ಲಿ ಮೂರೂ ಪಡೆಗಳಿಗೆ ಸೇರಿ ಒಬ್ಬ ರಕ್ಷಣಾ ಮುಖ್ಯಸ್ಥ ಬೇಕು ಅಂದಿತು. ಆ ಹುದ್ದೆ ಭರ್ತಿಯಾದದ್ದು 2020ರ ಜನವರಿ 1ಕ್ಕೆ. ಸುಬ್ರಹ್ಮಣ್ಯಂ 2011ರ ಫೆಬ್ರವರಿ 2ರಂದೇ ತೀರಿಕೊಂಡಿದ್ದರು. ಈ ಮೂರು ಇಸವಿಗಳನ್ನು ಇಟ್ಟು ಸುಮ್ಮನಿರಿ, ‘ವಿಧಿಯ ವಿಪರ್ಯಾಸ’ ಅಂತ ಸೇರಿಸಬೇಡಿ.

ವಿಮಾನ ಅಪಹರಣದ ಪ್ರಸಂಗ ಕೊನೆಯ ಪುಟದಿಂದ ಎದ್ದು ಮೊದಲ ಪುಟಕ್ಕೆ ಬರಲಿ. 1984ರ ಆಗಸ್ಟ್. ವಿದೇಶಾಂಗ ಸೇವೆಯ ಯುವ ಅಧಿಕಾರಿಯೊಬ್ಬರು ಅಪಹರಣಕಾರರನ್ನು ನಿಭಾಯಿಸುವ ತಂಡದಲ್ಲಿದ್ದಾರೆ. ಇವತ್ತು ಮನೆಗೆ ಬರಲಾಗುವುದಿಲ್ಲ ಅಂತ ತಾಯಿಗೆ ಫೋನ್ ಮಾಡುತ್ತಾರೆ. ಆ ವಿಮಾನದೊಳಗೆ ಅಪ್ಪನೇ ಇದ್ದಾರೆ ಎನ್ನುವುದು ಆಮೇಲೆ ಗೊತ್ತಾಗುತ್ತದೆ. ಅಧಿಕಾರಿ ಎಸ್. ಜೈಶಂಕರ್, ಅಪ್ಪ ಸುಬ್ರಹ್ಮಣ್ಯಂ. ಪ್ರಕರಣ ದುಬೈಯಲ್ಲಿ ಸುಖಾಂತವಾಯಿತು. ಮಗನೇ 2024ರಲ್ಲಿ ಜಿನೀವಾದಲ್ಲಿ ಇದನ್ನು ಹೇಳಿಕೊಂಡರು. ನೀವು ಅಲ್ಲಿ ಮಿಂಚು, ಗುಡುಗು, ತಾಯಿಯ ಕಣ್ಣೀರು ಎಲ್ಲ ತಂದಿದ್ದೀರಿ. ಆ ಕಣ್ಣೀರನ್ನು ನೀವು ಎಲ್ಲಿ ನೋಡಿದಿರಿ? ಆ ಫೋನ್ ಕರೆಯೊಂದೇ ಸಾಕಾಗಿತ್ತು.

1980ರಲ್ಲಿ ಇಂದಿರಾ ಗಾಂಧಿ ಮರಳಿ ಅಧಿಕಾರಕ್ಕೆ ಬಂದಾಗ ಸುಬ್ರಹ್ಮಣ್ಯಂ ಅವರನ್ನು ರಕ್ಷಣಾ ಉತ್ಪಾದನೆಯ ಕಾರ್ಯದರ್ಶಿ ಹುದ್ದೆಯಿಂದ ತೆಗೆದರು ಎನ್ನುವುದನ್ನೂ ‘ಮಗ ಸಂದರ್ಶನದಲ್ಲಿ ಹೇಳಿದ್ದು’ ಅಂತಲೇ ಬರೆಯಿರಿ. 1999ರಲ್ಲಿ ಪದ್ಮಭೂಷಣ ಬೇಡವೆಂದದ್ದಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ, ಕಾರಣ ಬಿಟ್ಟಿದ್ದೀರಿ. ಅಧಿಕಾರಿಗಳೂ ಪತ್ರಕರ್ತರೂ ಸರ್ಕಾರದಿಂದ ಪ್ರಶಸ್ತಿ ತೆಗೆದುಕೊಳ್ಳಬಾರದು ಅನ್ನುವುದು ಅವರ ನಿಲುವು. ಪ್ರಶಸ್ತಿಗೆ ಅರ್ಜಿ ಹಿಡಿದು ಓಡಾಡುವ ನಮ್ಮ ವೃತ್ತಿಯವರನ್ನು ಬಲ್ಲ ನನಗೆ ಇಲ್ಲಿ ಒಂದು ಪ್ಯಾರಾ ಬೇಕು.

ಸಾವಿರ ಪದ ಮೀರಬೇಡಿ. ಯೂನಿಕೋಡ್‌ನಲ್ಲಿ ಕಳಿಸಿ, ಈ ಸಲ ದಾರಿಯಲ್ಲಿ ಅರ್ಕಾವೊತ್ತುಗಳೆಲ್ಲ ಉದುರಿ ‘ಕಾರ್ಗಿಲ್’ ಪೂರ್ತಿ ‘ಕಾಗಿಲ್’ ಆಗಿತ್ತು. ಫೆಬ್ರವರಿ ಸಂಚಿಕೆ ಜನವರಿ 20ಕ್ಕೆ ಮುದ್ರಣಕ್ಕೆ ಹೋಗುತ್ತದೆ. ಅದಕ್ಕೆ ವಾರ ಮುಂಚೆ ಬಂದರೆ ನಾಲ್ಕನೇ ಪುಟ ನಿಮ್ಮದು. ಗೌರವಧನ ಐನೂರು ರೂಪಾಯಿ, ಅದೂ ತಡವಾಗಿ.

ನಿಮ್ಮ,
ಸಂಪಾದಕ