ಇಳಿದ ಮೇಲೆ ಹತ್ತುವುದಿದೆ: ಹೆನ್ರಿ ಕೋ ಪಾರ್ಕ್ ಬಗ್ಗೆ ಓದುಗರ ಪ್ರಶ್ನೆಗಳು

ಬೇ ಏರಿಯಾದ ದಕ್ಷಿಣಕ್ಕೆ, ಮಾರ್ಗನ್ ಹಿಲ್ ಊರಿನ ಪೂರ್ವದ ಬೆಟ್ಟಸಾಲಿನಲ್ಲಿರುವ ಹೆನ್ರಿ ಡಬ್ಲ್ಯೂ. ಕೋ ಸ್ಟೇಟ್ ಪಾರ್ಕ್ 87,000 ಎಕರೆಗೂ ಹೆಚ್ಚು ವಿಸ್ತಾರದ್ದು. ಉತ್ತರ ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕ್‌ಗಳಲ್ಲಿ ಇದೇ ದೊಡ್ಡದು. ಸೇಡಾ ಕೋ ಎಂಬಾಕೆ ತಮ್ಮ ದನದ ರಾಂಚನ್ನು 1953ರಲ್ಲಿ ಕೌಂಟಿಗೆ ಬಿಟ್ಟುಕೊಟ್ಟರು. 1958ರಲ್ಲಿ ಅದು ರಾಜ್ಯದ ಕೈಗೆ ಬಂತು, ತಂದೆಯ ಹೆಸರು ಉಳಿಯಿತು. ಸ್ಯಾನ್ ಹೊಸೆಯ ಕನ್ನಡಿಗರಿಗೆ ಒಂದು ಗಂಟೆಯ ಆಸುಪಾಸಿನ ದಾರಿ. ಅಲ್ಲಿನ ನಡಿಗೆ ಮತ್ತು ಸೈಕಲ್ ಹಾದಿಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಊರಿನಲ್ಲಿದ್ದಾಗ ಕುಮಾರ ಪರ್ವತ ಹತ್ತಿದ ನಾಲ್ಕು ಜನ ಗೆಳೆಯರು ನಾವು. ಮೇ ತಿಂಗಳಲ್ಲಿ ಕೋ ಪಾರ್ಕಿನ ಚೈನಾ ಹೋಲ್‌ಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಇಬ್ಬರಿಗೆ ಕಾಲು ಸೆಟೆದುಕೊಂಡು, ಒಬ್ಬರಿಗೆ ವಾಂತಿಯಾಯಿತು. ದೂರ ಹತ್ತೇ ಮೈಲಿ. ಎಲ್ಲಿ ತಪ್ಪಿತು? (ಸನ್ನಿವೇಲ್)

ಉತ್ತರ: ದೂರದ ಲೆಕ್ಕ ಸರಿಯಿತ್ತು, ಏರು ಯಾವಾಗ ಬರುತ್ತದೆ ಎಂಬ ಲೆಕ್ಕ ತಪ್ಪಿತು. ಕುಕ್ಕೆಯಿಂದ ಹೊರಟರೆ ಬೆಳಗಿನ ತಂಪಿನಲ್ಲಿ, ಕಾಲಿನಲ್ಲಿ ಕಸುವಿರುವಾಗ ಹತ್ತುತ್ತೀರಿ. ಸುಸ್ತಾದರೆ ತಿರುಗಿ ಇಳಿದರಾಯಿತು. ಕೋ ಪಾರ್ಕ್ ಇದಕ್ಕೆ ತದ್ವಿರುದ್ಧ. ಅದರ ಮುಖ್ಯ ಕಚೇರಿಯೇ ಬೆಟ್ಟದ ಏಣಿನ ಮೇಲಿದೆ, ಹಾದಿಗಳೆಲ್ಲ ಅಲ್ಲಿಂದ ಕಣಿವೆಗೆ ಇಳಿಯುತ್ತವೆ. ಚೈನಾ ಹೋಲ್ ಇರುವುದು ಸುಮಾರು 1500 ಅಡಿ ಕೆಳಗೆ, ಕೊಯೊಟಿ ಹೊಳೆಯ ಮಡುವಿನಲ್ಲಿ. ಇಳಿಯುವಾಗ ಆಯಾಸ ತಿಳಿಯುವುದಿಲ್ಲ, ನೀರೂ ಹೆಚ್ಚು ಬೇಕೆನಿಸುವುದಿಲ್ಲ. ಮಡುವಿನ ಬಳಿ ಕೂತು ಊಟ ಮಾಡಿ ಏಳುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ. ಆ ಬಿಸಿಲಿನಲ್ಲಿ, ಹೊಟ್ಟೆ ತುಂಬಿರುವಾಗ, 1500 ಅಡಿ ಹತ್ತಬೇಕು. ಸೆಳೆತ, ವಾಂತಿ ಎರಡೂ ಅಲ್ಲೇ ಹುಟ್ಟುತ್ತವೆ.

ಹೊರಡುವ ಮೊದಲೇ ಹಿಂದಿರುಗುವ ಹೊತ್ತನ್ನು ಲೆಕ್ಕ ಹಾಕಿಕೊಳ್ಳಿ. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಚೈನಾ ಹೋಲ್‌ನಿಂದ ಐದು ಮೈಲಿ ಹಿಂದಿರುಗಲು ಒಂದು ಗಂಟೆ ನಲವತ್ತು ನಿಮಿಷ, ಏರಿಗೆ ಮುಕ್ಕಾಲು ಗಂಟೆ, ಒಟ್ಟು ಸುಮಾರು ಎರಡೂವರೆ ಗಂಟೆ. ಬಿಸಿಲು 85 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಇದಕ್ಕೆ ಅರ್ಧದಷ್ಟು ಕೂಡಿಸಿ. ತಂದ ನೀರಿನಲ್ಲಿ ಮೂರನೇ ಒಂದು ಭಾಗ ಖಾಲಿಯಾದ ಜಾಗವೇ ನಿಮ್ಮ ತಿರುವು, ಮಡು ಕಾಣಿಸುತ್ತಿರಲಿ ಬಿಡಲಿ. ಊಟವನ್ನು ಕೆಳಗೆ ಮುಗಿಸದೆ ಅರ್ಧ ಉಳಿಸಿಕೊಂಡು, ಹತ್ತುವಾಗ ಅರ್ಧ ಗಂಟೆಗೊಮ್ಮೆ ಎರಡು ತುತ್ತಿನಂತೆ ತಿನ್ನಿ.

ನೆರಳನ್ನು ನೆಚ್ಚಿಕೊಳ್ಳಬೇಡಿ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಹುಲ್ಲು, ಕುರುಚಲು ಬಿಟ್ಟರೆ ಏನಿಲ್ಲ. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿ ಪಾರ್ಕಿನ ದೊಡ್ಡ ಭಾಗವನ್ನು ಸುಟ್ಟಿದೆ. ಗಾಳಿಯಿರುವ ದಿನ ಸುಟ್ಟು ಒಣಗಿ ನಿಂತ ಮರದ ಕೆಳಗೆ ಕೂರಲೇಬೇಡಿ, ಕೊಂಬೆಗಳು ಮುನ್ಸೂಚನೆಯಿಲ್ಲದೆ ಬೀಳುತ್ತವೆ.

ಪ್ರಶ್ನೆ: ನೀರು ಎಷ್ಟು ಒಯ್ಯಬೇಕು? ಹೊಳೆ ನೀರು ಕುಡಿಯಬಹುದೆ? (ಗಿಲ್ರಾಯ್)

ಉತ್ತರ: ತಂಪು ದಿನದಲ್ಲಿ ಗಂಟೆಗೆ ಅರ್ಧ ಲೀಟರ್, 90 ಡಿಗ್ರಿಯ ಸುತ್ತಮುತ್ತ ಮುಕ್ಕಾಲರಿಂದ ಒಂದು ಲೀಟರ್. ಆರು ಗಂಟೆಯ ನಡಿಗೆಗೆ ನಾಲ್ಕು ಲೀಟರ್ ಹೊರುವುದು ಹೆಚ್ಚಲ್ಲ. ಬರಿ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಶುರುವಾಗುತ್ತದೆ. ಅದನ್ನು ನೀರಡಿಕೆಯೆಂದೇ ತಿಳಿದು ಮತ್ತಷ್ಟು ಕುಡಿದರೆ ಪರಿಸ್ಥಿತಿ ಕೆಡುತ್ತದೆ. ಒಂದು ಲೀಟರಿಗೆ ಕಾಲು ಟೀ ಚಮಚ ಪುಡಿ ಉಪ್ಪು, ಎರಡು ಟೇಬಲ್ ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣು ಸಾಕು. ಅದರಲ್ಲಿ ಹೆಚ್ಚುಕಡಿಮೆ 600 ಮಿ.ಗ್ರಾಂ ಸೋಡಿಯಂ ಇರುತ್ತದೆ. ಅರ್ಧ ಬಾಟಲಿಗಳಲ್ಲಿ ಇದು, ಉಳಿದರ್ಧದಲ್ಲಿ ಬರಿ ನೀರು ಇರಲಿ. ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುವವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಿ ಮುಂದುವರಿಯಿರಿ.

ಹೊಳೆಗಳು ಬೇಸಿಗೆಯಲ್ಲಿ ಬತ್ತುತ್ತವೆ, ನಕ್ಷೆಯಲ್ಲಿ ನೀಲಿ ಗೆರೆಯಿದೆ ಎಂದ ಮಾತ್ರಕ್ಕೆ ನೀರಿದೆ ಎಂದಲ್ಲ. ಯಾವ ಒರತೆಯಲ್ಲಿ ನೀರಿದೆ ಎಂದು ಮುಖ್ಯ ಕಚೇರಿಯ ಸಂದರ್ಶಕರ ಕೇಂದ್ರದಲ್ಲಿ ವಿಚಾರಿಸಿ. ಸಿಕ್ಕ ನೀರನ್ನು 0.1 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಇಲ್ಲವೇ ಒಂದು ನಿಮಿಷ ಕೊತಕೊತ ಕುದಿಸಿ. ಸುತ್ತಲೂ ಕಾಡುಹಂದಿಗಳಿವೆ, ತಿಳಿಯಾಗಿ ಕಂಡರೂ ನೇರ ಕುಡಿಯುವ ನೀರಲ್ಲ.

ಬುತ್ತಿಯ ವಿಷಯ: ಮೊಸರನ್ನ ಬೇಡ, 90 ಡಿಗ್ರಿ ಮೇಲಾದರೆ ಒಂದು ಗಂಟೆಯಲ್ಲಿ ಕೆಡಲು ಶುರು. ಚಪಾತಿಗೆ ಚಟ್ನಿಪುಡಿ ಸವರಿ ಸುರುಳಿ ಸುತ್ತಿಕೊಳ್ಳಿ. ಜೊತೆಗೆ ನಿಪ್ಪಟ್ಟು, ಕಡಲೆ ಮಿಠಾಯಿ ಇದ್ದರೆ ಉಪ್ಪೂ ಆಯಿತು, ಸಕ್ಕರೆಯೂ ಆಯಿತು.

ಪ್ರಶ್ನೆ: ಮಿಡ್ಲ್ ರಿಜ್ ಹಾದಿಯಲ್ಲಿ ಮೌಂಟನ್ ಬೈಕ್ ಓಡಿಸುವ ಆಸೆ. ಸೈಕಲ್ 29 ಇಂಚಿನದು, ಟ್ಯೂಬ್‌ಲೆಸ್. ನನ್ನ ತೂಕ 72 ಕೆ.ಜಿ. ಏನೇನು ಸಿದ್ಧತೆ ಬೇಕು? (ಸ್ಯಾನ್ ಹೊಸೆ)

ಉತ್ತರ: ಸಾಮಾನ್ಯವಾಗಿ ಹೋಗುವ ಸುತ್ತು ಹೀಗಿದೆ: ಮುಖ್ಯ ಕಚೇರಿಯಿಂದ ಮ್ಯಾನ್ಜನೀಟಾ ಪಾಯಿಂಟ್ ರಸ್ತೆ, ಅಲ್ಲಿಂದ ಫ್ಲ್ಯಾಟ್ ಫ್ರಾಗ್ ಹಾದಿಯಲ್ಲಿ ಫ್ರಾಗ್ ಲೇಕ್, ಕೆರೆ ದಾಟಿ ಸ್ವಲ್ಪ ಹತ್ತಿದರೆ ಮಿಡ್ಲ್ ರಿಜ್, ಅದು ಇಳಿದು ಮುಗಿಯುವುದು ಪಾವರ್ಟಿ ಫ್ಲ್ಯಾಟ್‌ನಲ್ಲಿ. ಒಟ್ಟು ಸುಮಾರು 10 ಮೈಲಿ. ಪಾವರ್ಟಿ ಫ್ಲ್ಯಾಟ್‌ನಿಂದ ಏಣಿಗೆ ವಾಪಸಾಗುವ ಮಣ್ಣು ರಸ್ತೆ ಸುಮಾರು ಸಾವಿರ ಅಡಿ ಹತ್ತುತ್ತದೆ, ಸಡಿಲ ಜಲ್ಲಿ ಬೇರೆ. ಬಹಳಷ್ಟು ಜನ ಅಲ್ಲಿ ಸೈಕಲ್ ತಳ್ಳುತ್ತಾರೆ. ಹಾಗಾಗಿ ಪೆಡಲಿಗೆ ಸಿಕ್ಕಿಸುವ ಕ್ಲಿಪ್ ಶೂಗಳಲ್ಲಿ ಅಡಿ ಗಟ್ಟಿ ಪ್ಲಾಸ್ಟಿಕ್‌ನದಾಗಿದ್ದರೆ ಜಾರುತ್ತದೆ, ರಬ್ಬರ್ ಅಡಿಯವು ಲೇಸು. ಮುಂದಿನ ಹಲ್ಲುಚಕ್ರಕ್ಕೆ 32 ಹಲ್ಲಿದ್ದರೆ ಹಿಂದಿನ ದೊಡ್ಡ ಗೇರಿಗೆ 50 ಅಥವಾ 51 ಹಲ್ಲಿರಬೇಕು. 42 ಮಾತ್ರ ಇದ್ದರೆ ಮುಂದೆ 28 ಅಥವಾ 30 ಹಾಕಿಸಿ.

ಗಾಳಿ: 2.3 ಇಂಚು ಅಗಲದ ಟೈರಿಗೆ ನಿಮ್ಮ ತೂಕದಲ್ಲಿ ಮುಂದೆ 21, ಹಿಂದೆ 24 ಪಿ.ಎಸ್.ಐ.ನಿಂದ ಶುರು ಮಾಡಿ. ರಿಮ್ಮಿಗೆ ಕಲ್ಲು ಬಡಿದ ಸದ್ದು ಕೇಳಿದರೆ 2 ಏರಿಸಿ, ತಿರುವಿನಲ್ಲಿ ಮುಂಚಕ್ರ ಜಾರಿದರೆ 1 ಇಳಿಸಿ. ಸೀಲೆಂಟ್ (ತೂತು ತಾನಾಗಿ ಮುಚ್ಚಲು ಟೈರಿನೊಳಗೆ ಹಾಕುವ ದ್ರವ) ಪ್ರತಿ ಚಕ್ರಕ್ಕೆ 90 ರಿಂದ 120 ಮಿ.ಲೀ. ಒಣಹವೆಯಲ್ಲಿ ಅದು ಎರಡು ಮೂರು ತಿಂಗಳಲ್ಲಿ ಒಣಗಿ ಹಾಳೆಯಾಗುತ್ತದೆ. ಚಕ್ರವನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ನೀರಾಡಿದ ಸದ್ದು ಬಾರದಿದ್ದರೆ ಮತ್ತೆ ತುಂಬಬೇಕು.

ಬ್ರೇಕ್: ಲೋಹದ ತಗಡು ಬಿಟ್ಟು ಪ್ಯಾಡಿನ ಸಾಮಗ್ರಿ 1 ಮಿ.ಮೀ.ಗಿಂತ ತೆಳುವಾಗಿದ್ದರೆ ಬದಲಿಸಿಯೇ ಹೊರಡಿ. ಇಳಿಜಾರು ಉದ್ದಕ್ಕೂ ಬ್ರೇಕನ್ನು ಮೆಲ್ಲಗೆ ಎಳೆದು ಹಿಡಿದರೆ ಪ್ಯಾಡ್ ಕಾದು ಮೇಲ್ಮೈ ಗಾಜಿನಂತಾಗುತ್ತದೆ, ಆಮೇಲೆ ಎಷ್ಟು ಎಳೆದರೂ ಕಿರುಚುತ್ತದೆಯೇ ಹೊರತು ನಿಲ್ಲುವುದಿಲ್ಲ. ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಡಿ. ಹಿಂದಿನದನ್ನು ಮಾತ್ರ ಹಿಡಿದರೆ ಚಕ್ರ ಲಾಕ್ ಆಗಿ ಜಾರುತ್ತದೆ, ಹಾದಿಯನ್ನೂ ಕೊರೆಯುತ್ತದೆ. ಆ ಕೊರಕಲಿನಲ್ಲೇ ಮಳೆನೀರು ಹರಿದು ಮುಂದಿನ ವರ್ಷ ಹಾದಿ ಹಾಳಾಗುವುದು.

ಚೀಲದಲ್ಲಿರಬೇಕಾದವು: ಒಂದು ಟ್ಯೂಬ್, ಪ್ಲಗ್ ಕಿಟ್, ಕೈಪಂಪು, ಟೈರ್ ಲಿವರ್ ಎರಡು, ಚೈನ್ ಕಳಚುವ ಉಪಕರಣವಿರುವ ಮಲ್ಟಿಟೂಲ್, ತುಂಡಾದ ಚೈನನ್ನು ಜೋಡಿಸಲು ನಿಮ್ಮ ಚೈನಿಗೇ ಹೊಂದುವ ಕ್ವಿಕ್ ಲಿಂಕ್ (12 ಗೇರಿನದು 11ಕ್ಕೆ ಕೂರುವುದಿಲ್ಲ), ಮತ್ತು ನಿಮ್ಮದೇ ಮಾಡೆಲಿನ ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು). ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ. ಬಾಗಿದ ಹ್ಯಾಂಗರ್‌ನಲ್ಲಿ ದೊಡ್ಡ ಗೇರಿಗೆ ಹಾಕಿದರೆ ಡಿರೇಲರ್ ಕಡ್ಡಿಗಳಿಗೆ ಸಿಕ್ಕಿ ಮುರಿಯುತ್ತದೆ.

ಟೈರಿನ ಪಕ್ಕ ಸೀಳಿದರೆ ಪ್ಲಗ್ ನಿಲ್ಲುವುದಿಲ್ಲ. ಟೈರಿನ ಒಂದು ಬದಿ ಬಿಚ್ಚಿ, ವಾಲ್ವ್ ಕಳಚಿ, ಸೀಳಿನ ಒಳಮೈಯನ್ನು ಬಟ್ಟೆಯಿಂದ ಒರೆಸಿ, ಎರಡಾಗಿ ಮಡಿಚಿದ ಡಾಲರ್ ನೋಟನ್ನು ಸೀಳಿಗೆ ಅಡ್ಡಲಾಗಿ ಇಟ್ಟು, ಸ್ವಲ್ಪ ಗಾಳಿ ತುಂಬಿದ ಟ್ಯೂಬನ್ನು ಅದರ ಮೇಲೆ ಕೂರಿಸಿ. ಟ್ಯೂಬ್ ಹಾಕುವ ಮುನ್ನ ಟೈರಿನ ಒಳಗೆಲ್ಲ ಬೆರಳಾಡಿಸಿ ನೋಡಿ, ಸೀಲೆಂಟ್ ಮುಚ್ಚಿಟ್ಟಿದ್ದ ಹಳೆಯ ಮುಳ್ಳು ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಚಕ್ರ ಹೊರಗಿರುವಾಗ ಬ್ರೇಕ್ ಲಿವರ್ ಒತ್ತಬೇಡಿ, ಪ್ಯಾಡುಗಳು ಕೂಡಿಕೊಂಡು ಡಿಸ್ಕ್ ಒಳಹೋಗುವುದಿಲ್ಲ. ಸೈಕಲನ್ನು ತಲೆಕೆಳಗು ಮಾಡಿದ್ದರೆ ಹೊರಡುವ ಮೊದಲು ಲಿವರನ್ನು ಹತ್ತಾರು ಸಲ ಒತ್ತಿ ಗಟ್ಟಿಯಾಗಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ಮಳೆ ನಿಂತ ಮಾರನೆಯ ದಿನ ಸೈಕಲ್ ಒಯ್ಯಬಹುದೆ? (ಮಿಲ್ಪಿಟಸ್)

ಉತ್ತರ: ಅರ್ಧ ಇಂಚು ಅಥವಾ ಹೆಚ್ಚು ಮಳೆಯಾದರೆ 48 ಗಂಟೆ ಕಾಲ ಸಿಂಗಲ್ ಟ್ರ್ಯಾಕ್ ಹಾದಿಗಳಲ್ಲಿ (ಒಬ್ಬರ ಹಿಂದೆ ಒಬ್ಬರಷ್ಟೇ ಸಾಗಬಹುದಾದ ಕಿರುಹಾದಿಗಳು) ಸೈಕಲ್ ನಿಷಿದ್ಧ. ನಿಯಮ ಇರದಿದ್ದರೂ ಹೋಗಬಾರದು. ಅಲ್ಲಿನ ಜೇಡಿಮಣ್ಣು ಟೈರಿಗೆ ಮೆತ್ತಿಕೊಂಡು ಫ್ರೇಮಿನ ಸಂದಿಯಲ್ಲಿ ಕಚ್ಚಿ ಚಕ್ರವನ್ನೇ ನಿಲ್ಲಿಸುತ್ತದೆ. ನೀವು ಬಿಟ್ಟ ಗೀರು ಒಣಗಿ, ಬೇಸಿಗೆಯುದ್ದಕ್ಕೂ ಕಲ್ಲಿನಷ್ಟು ಗಟ್ಟಿಯಾಗಿ ನಿಲ್ಲುತ್ತದೆ.

ಪ್ರಶ್ನೆ: ಪಾಯ್ಸನ್ ಓಕ್ ಅಂದರೆ ಯಾವ ಗಿಡ? ತಾಗಿದರೆ ಏನು ಮಾಡಬೇಕು? (ಫ್ರೀಮಾಂಟ್)

ಉತ್ತರ: ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಇದು ಗೇರು, ಮಾವು, ಹೊಳೆಗೇರುಗಳ ಕುಟುಂಬದ್ದೇ ಗಿಡ. ಮಾವಿನ ಸೊನೆ ತಾಗಿ ತುಟಿ ಊದುವವರು ಇದರಿಂದ ಇನ್ನೂ ದೂರವಿರಬೇಕು. ಒಂದೇ ತೊಟ್ಟಿನಲ್ಲಿ ಮೂರು ಎಲೆ, ಅಂಚು ಓಕ್ ಎಲೆಯಂತೆ ಅಲೆಅಲೆ, ವಸಂತದಲ್ಲಿ ಮಿರುಗುವ ಹಸಿರು, ಬೇಸಿಗೆ ಕೊನೆಗೆ ಕೆಂಪು. ಬ್ಲ್ಯಾಕ್‌ಬೆರಿಗೂ ಮೂರೆಲೆ ಇರುತ್ತದೆ, ಆದರೆ ಅದಕ್ಕೆ ಮುಳ್ಳುಂಟು. ಮೋಸ ಹೋಗುವುದು ಚಳಿಗಾಲದಲ್ಲಿ. ಎಲೆ ಉದುರಿ ಬರಿ ಕಡ್ಡಿ ನಿಂತಿರುತ್ತದೆ, ಎಲೆಯಲ್ಲಿರುವ, ಗಂಧೆ ಎಬ್ಬಿಸುವ ಎಣ್ಣೆ ಕಡ್ಡಿಯಲ್ಲೂ ಇದೆ.

ಎಣ್ಣೆ ಬರಿ ನೀರಿಗೆ ಹೋಗುವುದಿಲ್ಲ. ಪಾತ್ರೆ ತೊಳೆಯುವ ಸೋಪು ಹಚ್ಚಿ, ಒರಟು ಬಟ್ಟೆಯಿಂದ ಉಜ್ಜಿ ತೊಳೆಯಿರಿ, ಎರಡು ಮೂರು ಸಲ. ಆದಷ್ಟು ಬೇಗ ತೊಳೆದಷ್ಟೂ ಒಳ್ಳೆಯದು. ಹ್ಯಾಂಡಲ್ ಹಿಡಿ, ಶೂ ಲೇಸು, ಕೋಲು, ಕಾರಿನ ಬೀಗದ ಕೈ ಎಲ್ಲವನ್ನೂ ಒರೆಸಿ. ಒಂದು ವಾರ ಬಿಟ್ಟು ಮತ್ತೆ ಗಂಧೆ ಎದ್ದರೆ ಕಾರಣ ಬಹುತೇಕ ತೊಳೆಯದ ಶೂ ಲೇಸು. ಗುಳ್ಳೆಯ ನೀರಿನಿಂದ ಅದು ಹರಡುವುದಿಲ್ಲ. ಮುಖಕ್ಕೆ, ಕಣ್ಣಿನ ಬಳಿ ಬಂದರೆ ವೈದ್ಯರಲ್ಲಿಗೆ ಹೋಗಿ. ಅವರು ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟರೆ, ತುರಿಕೆ ನಿಂತಿತೆಂದು ಅರ್ಧಕ್ಕೆ ಬಿಡಬೇಡಿ, ಮರುಕಳಿಸುತ್ತದೆ.

ಪ್ರಶ್ನೆ: ಉಣುಗು ಕಚ್ಚಿದರೆ ಮಂಗನ ಕಾಯಿಲೆಯಂಥದ್ದು ಬರುತ್ತದೆಯೇ? (ಕ್ಯೂಪರ್ಟಿನೋ)

ಉತ್ತರ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ವೈರಸ್ ಇಲ್ಲಿಲ್ಲ, ಉಣುಗಿನ ಜಾತಿಯೂ ಬೇರೆ. ಇಲ್ಲಿನ ಕಪ್ಪುಕಾಲಿನ ಉಣುಗು ಹರಡುವುದು ಲೈಮ್ ರೋಗವನ್ನು, ಅದು ಬ್ಯಾಕ್ಟೀರಿಯಾದಿಂದ ಬರುತ್ತದೆ. ದೊಡ್ಡವು ಹಾದಿಬದಿಯ ಹುಲ್ಲಿನ ತುದಿಯಲ್ಲಿ ಕಾಯುತ್ತವೆ. ಗಸಗಸೆಯಷ್ಟು ಚಿಕ್ಕ ಮರಿಗಳು ವಸಂತದಲ್ಲಿ ತರಗೆಲೆ ಮತ್ತು ಬಿದ್ದ ಮರದ ದಿಮ್ಮಿಗಳ ಮೇಲಿರುತ್ತವೆ, ಹಾಗಾಗಿ ದಿಮ್ಮಿಯ ಮೇಲೆ ಕೂತು ಊಟ ಮಾಡುವ ಅಭ್ಯಾಸ ಬಿಡಿ. ಮನೆಗೆ ಬಂದ ಕೂಡಲೇ ಮೊಣಕಾಲ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಕೂದಲ ಅಂಚು ನೋಡಿಕೊಳ್ಳಿ. ಬಟ್ಟೆಯನ್ನು ಒಗೆಯುವ ಮೊದಲೇ ಡ್ರೈಯರ್‌ನಲ್ಲಿ ಹತ್ತು ನಿಮಿಷ ಹೆಚ್ಚಿನ ಶಾಖಕ್ಕೆ ಹಾಕಿ.

ಕಚ್ಚಿದ್ದರೆ ಸೀಮೆಎಣ್ಣೆ, ತುಪ್ಪ, ಬೆಂಕಿಕಡ್ಡಿ ಯಾವುದೂ ಬೇಡ. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ತಾರೀಖು ಬರೆದಿಡಿ. ಮುಂದಿನ 30 ದಿನಗಳಲ್ಲಿ ಜ್ವರ, ಮೈಕೈ ನೋವು ಅಥವಾ ಹಿಗ್ಗುತ್ತ ಹೋಗುವ ಕೆಂಪು ಕಲೆ ಕಂಡರೆ ವೈದ್ಯರಿಗೆ ಆ ತಾರೀಖು ಹೇಳಿ. ಕಲೆ ಎಲ್ಲರಿಗೂ ಬರುವುದಿಲ್ಲ.

ಪ್ರಶ್ನೆ: ಜುಲೈನಲ್ಲಿ ಮೈಸೂರಿನಿಂದ ಮಗನ ಮನೆಗೆ ಬರುತ್ತಿದ್ದೇವೆ. ನನಗೆ 66, ಪತ್ನಿಗೆ ಮೊಣಕಾಲು ನೋವು. ಮೊಮ್ಮಗನಿಗೆ ಸೈಕಲ್ ಹುಚ್ಚು. ಕೋ ಪಾರ್ಕ್ ಆದೀತೆ? (ಮೈಸೂರು)

ಉತ್ತರ: ಜುಲೈಯಲ್ಲಿ ಬೇಡ. 100 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ಮಾರ್ಚ್ ಕೊನೆ ಅಥವಾ ಏಪ್ರಿಲ್ ಆಗಿದ್ದರೆ, ಹೂವಿನ ಕಾಲದಲ್ಲಿ, ಫ್ಲ್ಯಾಟ್ ಫ್ರಾಗ್ ಹಾದಿಯಲ್ಲಿ ಅರ್ಧ ಗಂಟೆ ಹೋಗಿ ಬನ್ನಿ ಎನ್ನಬಹುದಿತ್ತು.

ನಿಮ್ಮ ಮೂವರಿಗೂ ಒಪ್ಪುವುದು ಸಾಂತಾ ಕ್ರೂಜ್ ಬಳಿಯ ಆಪ್ಟಾಸ್ ಊರಿನ ನಿಸೀನ್ ಮಾರ್ಕ್ಸ್ ಸ್ಟೇಟ್ ಪಾರ್ಕ್. ಮರ ಕಡಿಯುವ ಕಂಪನಿ ರೈಲು ಹಾಕಿದ್ದ ಕಣಿವೆ ಅದು. ಈಗ ರೆಡ್‌ವುಡ್ ಮರಗಳು ಮತ್ತೆ ಬೆಳೆದು ನಿಂತಿವೆ, ಬೇಸಿಗೆಯ ಮಧ್ಯಾಹ್ನವೂ ನೆರಳು. ಹೊಳೆ ಪಕ್ಕದ ಅಗಲ ಮಣ್ಣು ರಸ್ತೆಯ ಏರು ಮೊದಲ ಕೆಲವು ಮೈಲಿ ಬಹಳ ಸೌಮ್ಯ. ಮೊಮ್ಮಗ ಅಲ್ಲೇ ಸೈಕಲ್ ಹೊಡೆಯಲಿ, ಸ್ಟೀಲ್ ಬ್ರಿಜ್ ದಾಟಿದ ಮೇಲೆ ಪಕ್ಕದ ಸಿಂಗಲ್ ಟ್ರ್ಯಾಕ್‌ಗಳಿಗೆ ಸೈಕಲ್ ಬಿಡುವುದಿಲ್ಲ. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೇಟಾ ಭೂಕಂಪದ ಕೇಂದ್ರಬಿಂದುವೂ ಈ ಕಾಡಿನೊಳಗೇ ಇದೆ. ಮುಖ್ಯವಾಗಿ, ಇಲ್ಲಿ ಹೋಗುವಾಗ ಏರು, ಬರುವಾಗ ಇಳಿತ. ಮೊಣಕಾಲಿಗೆ ಇಳಿತವೇ ಹೆಚ್ಚು ಭಾರ, ಆದ್ದರಿಂದ ಪತ್ನಿಗೆ ಎರಡು ಕೋಲು ಕೊಡಿ. ಸಮದಲ್ಲಿ ಮೊಣಕೈ ಲಂಬಕೋನದಲ್ಲಿರುವಷ್ಟು ಎತ್ತರ, ಇಳಿಯುವಾಗ 5 ರಿಂದ 10 ಸೆಂ.ಮೀ. ಉದ್ದ ಮಾಡಿಕೊಳ್ಳಿ.

ಪ್ರವೇಶ ಶುಲ್ಕ ಕಾರಿನ ಲೆಕ್ಕದಲ್ಲಿದೆ. ಮಗನ ಬಳಿ ಊರಿನ ಪಬ್ಲಿಕ್ ಲೈಬ್ರರಿಯ ಕಾರ್ಡ್ ಇದ್ದರೆ ಪುಸ್ತಕದಂತೆಯೇ ಸ್ಟೇಟ್ ಪಾರ್ಕ್ ಪಾಸನ್ನೂ ಎರವಲು ಕೊಡುತ್ತಾರೆಯೇ ಕೇಳಿ. ಬೇಸಿಗೆಯಲ್ಲಿ ಬೇಡಿಕೆ ಹೆಚ್ಚು, ಟಿಕೆಟ್ ಬುಕ್ ಮಾಡಿದ ದಿನವೇ ಸರದಿಗೆ ಹೆಸರು ಬರೆಸಲಿ.

ಪ್ರಶ್ನೆ: ಹಾದಿಯಲ್ಲಿ ಎದುರಾದಾಗ ಯಾರು ಯಾರಿಗೆ ದಾರಿ ಬಿಡಬೇಕು? ಸೈಕಲ್ ಎಲ್ಲೆಲ್ಲೂ ಒಯ್ಯಬಹುದೆ? (ಡಬ್ಲಿನ್, ಕ್ಯಾಲಿಫೋರ್ನಿಯಾ)

ಉತ್ತರ: ಸೈಕಲ್‌ನವರು ನಡೆಯುವವರಿಗೂ ಕುದುರೆಗೂ, ನಡೆಯುವವರು ಕುದುರೆಗೆ. ಸೈಕಲ್ಲುಗಳೇ ಎದುರಾದರೆ ಇಳಿಯುವವರು ನಿಂತು ಹತ್ತುವವರಿಗೆ ಬಿಡಬೇಕು, ಏಕೆಂದರೆ ಏರಿನಲ್ಲಿ ನಿಂತ ಸೈಕಲನ್ನು ಮತ್ತೆ ಎಬ್ಬಿಸುವುದು ಕಷ್ಟ. ಕುದುರೆ ಕಂಡರೆ ಇಳಿದು, ಹಾದಿಯ ಕೆಳಬದಿಗೆ ಸರಿದು, ಸವಾರರೊಂದಿಗೆ ಮಾತಾಡಿ. ಸದ್ದಿಲ್ಲದೆ ನಿಂತ ಹೆಲ್ಮೆಟ್ಟಿನ ಆಕೃತಿಗೆ ಕುದುರೆ ಬೆದರುತ್ತದೆ, ಮನುಷ್ಯರ ದನಿ ಕೇಳಿದರೆ ಸುಮ್ಮನಾಗುತ್ತದೆ. ಕೋ ಪಾರ್ಕಿನ ಒರೆಸ್ಟಿಂಬಾ ವೈಲ್ಡರ್‌ನೆಸ್ ಭಾಗದೊಳಗೆ ಸೈಕಲ್ ಸಂಪೂರ್ಣ ನಿಷಿದ್ಧ. ಅದರ ಗಡಿ ನಕ್ಷೆಯಲ್ಲಿದೆ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ, ಕಾಗದದ್ದೊಂದನ್ನು ಸಂದರ್ಶಕರ ಕೇಂದ್ರದಲ್ಲಿ ಕೊಂಡು ಚೀಲದಲ್ಲಿಡಿ. ಇ-ಬೈಕ್ ಬಗ್ಗೆ ಪಾರ್ಕಿನಿಂದ ಪಾರ್ಕಿಗೆ ಆದೇಶ ಬೇರೆ, ಹೊರಡುವ ಮುನ್ನ ಆಯಾ ಪಾರ್ಕಿಗೆ ಫೋನ್ ಮಾಡಿ ಕೇಳಿಕೊಳ್ಳಿ.